ಎಪ್ಪತ್ತೆರಡರ ಒಂದು ಪಾಲು: ಮಾದರಿ ವಿಮಾನ, ಮಗು ಮತ್ತು ಮುರಿದ ಭಾಗ

ಪ್ರಮಾಣಬದ್ಧ ಮಾದರಿ ವಿಮಾನವೆಂದರೆ ನಿಜವಾದ ಒಂದು ವಿಮಾನದ ಉದ್ದ, ಅಗಲ, ಎತ್ತರಗಳನ್ನೆಲ್ಲ ಒಂದೇ ಅನುಪಾತದಲ್ಲಿ ತಗ್ಗಿಸಿ, ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸಿ, ಬಣ್ಣ ಬಳಿದು ನಿಲ್ಲಿಸಿದ ಪ್ರತಿಕೃತಿ. ಅದು ಹಾರುವುದಿಲ್ಲ, ಹಾರಬೇಕೆಂಬ ನಿರೀಕ್ಷೆಯೂ ಅದರ ಮೇಲಿಲ್ಲ. ಈ ಹವ್ಯಾಸದಲ್ಲಿ ಬಹಳ ಕಾಲದಿಂದ ಬೇರೂರಿರುವ ಅನುಪಾತ 1:72, ಅಂದರೆ ನಿಜ ವಿಮಾನದ 72 ಅಂಗುಲ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಮೀಟರುಗಳಲ್ಲಿ ಯೋಚಿಸುವ ಇಂದಿನ ಮಕ್ಕಳಿಗೆ ಈ ಸಂಖ್ಯೆ ವಿಚಿತ್ರವೆನಿಸಬಹುದು. ಆದರೆ ಆರಡಿ ಎತ್ತರದ ಮನುಷ್ಯ ಸರಿಯಾಗಿ ಒಂದಂಗುಲಕ್ಕೆ ಇಳಿಯುವುದು ಈ ಅನುಪಾತದಲ್ಲಿಯೇ ಆದ್ದರಿಂದ, 1930ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳು ಇದನ್ನೇ ಆರಿಸಿಕೊಂಡವು. 1936ರಲ್ಲಿ ಅದೇ ದೇಶದ ಫ್ರಾಗ್ ಸಂಸ್ಥೆ ಪ್ಲಾಸ್ಟಿಕ್ ಭಾಗಗಳ ಕಿಟ್‌ಗಳನ್ನು ಅದೇ ಅನುಪಾತದಲ್ಲಿ ಹೊರತಂದು, ಹಾರಲಾರದ ಹಕ್ಕಿಯ ಹೆಸರನ್ನೇ ಅವುಗಳಿಗಿಟ್ಟು ಪೆಂಗ್ವಿನ್ ಎಂದು ಕರೆಯಿತು.

ಮಕ್ಕಳ ಆಟವೆಂದು ಸುಲಭವಾಗಿ ಬದಿಗೆ ಸರಿಸಲ್ಪಡುವ ಈ ಕೆಲಸ ಒಮ್ಮೆ ಯುದ್ಧದ ಸಿದ್ಧತೆಯ ಭಾಗವಾಗಿತ್ತೆಂಬುದು ಗಮನಿಸಬೇಕಾದ ಸಂಗತಿ. 1942ರಲ್ಲಿ ಅಮೆರಿಕದ ನೌಕಾಪಡೆ, ಆಕಾಶದಲ್ಲಿ ಕಾಣುವ ವಿಮಾನ ಸ್ವಪಕ್ಷದ್ದೋ ಶತ್ರುವಿನದ್ದೋ ಎಂದು ಗುರುತಿಸುವ ತರಬೇತಿಗಾಗಿ, ಐದು ಲಕ್ಷ ಮರದ ಮಾದರಿಗಳನ್ನು ಕೆತ್ತಿಕೊಡುವಂತೆ ಆ ದೇಶದ ಶಾಲಾ ವಿದ್ಯಾರ್ಥಿಗಳನ್ನು ಕೇಳಿಕೊಂಡಿತು. ಆ ಮಾದರಿಗಳ ಅನುಪಾತವೂ 1:72 ಆಗಿತ್ತು. ಮೂವತ್ತೈದು ಅಡಿ ದೂರದಲ್ಲಿ ಹಿಡಿದ ಅಂಥ ಮಾದರಿಯು ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುವುದೋ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಗಾತ್ರ ಎಪ್ಪತ್ತೆರಡನೇ ಒಂದಕ್ಕೆ ಇಳಿದರೆ ದೂರವೂ ಅಷ್ಟೇ ಪಾಲಿಗೆ ಇಳಿಯುತ್ತದೆ. ಅನುಪಾತವೆಂಬ ಗಣಿತದ ಪಾಠವನ್ನು ಇದಕ್ಕಿಂತ ನೇರವಾಗಿ ಕಲಿಸುವ ಉಪಕರಣ ಶಾಲೆಯ ಪೆಟ್ಟಿಗೆಯಲ್ಲಿ ಇರಲಾರದು.

ಯುದ್ಧಾನಂತರ ಕಿಟ್‌ಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿಗೆ ಬದಲಾದವು. ಕಾಯಿಸಿ ಕರಗಿಸಿದ ಈ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿದಾಗ, ಅದು ಹರಿದ ಕಾಲುವೆಗಳೂ ಭಾಗಗಳೊಂದಿಗೆ ಗಟ್ಟಿಯಾಗಿ ಒಂದು ಚೌಕಟ್ಟಾಗಿ ಹೊರಬರುತ್ತವೆ. ಹವ್ಯಾಸಿಗಳು ಸ್ಪ್ರೂ ಎಂದು ಕರೆಯುವ ಈ ಚೌಕಟ್ಟಿನಿಂದ ಭಾಗಗಳನ್ನು ಬಿಡಿಸುವುದೇ ಮಗುವಿಗೆ ಕೊಡಬಹುದಾದ ಮೊದಲ ಕೆಲಸ. ಕೈಯಿಂದ ತಿರುಚಿ ಮುರಿಯುವ ಆತುರವನ್ನು ತಡೆದು, ಭಾಗದಿಂದ ಒಂದಿಷ್ಟು ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯುವ ತಾಳ್ಮೆ ಬರುವವರೆಗೆ ಅಂಟಿನ ಬಾಟಲಿಯ ಮುಚ್ಚಳ ತೆಗೆಯದಿರುವುದು ಲೇಸು. ಆ ಅಂಟು ಕೂಡ ವಾಸ್ತವದಲ್ಲಿ ಅಂಟಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸುವ ದ್ರವ. ಎರಡು ಅಂಚುಗಳನ್ನೂ ಅದು ಒಂದಿಷ್ಟು ಕರಗಿಸಿ ಆರಿಹೋದಾಗ ಎರಡು ಭಾಗಗಳು ಬೆಸೆದು ಒಂದಾಗಿರುತ್ತವೆ. ಬೆರಳಿಗೆ ಗಟ್ಟಿ ಎನಿಸಿದ ಬೆಸುಗೆ ಒಳಗೆ ಪೂರ್ತಿ ಆರಲು ಒಂದು ದಿನವಾದರೂ ಬೇಕಾಗುತ್ತದೆ ಎಂಬುದನ್ನು ಮಗು ನಂಬುವುದು ಕಷ್ಟ, ನಂಬದೆ ಮುಟ್ಟಿ ನೋಡುವುದು ಖಂಡಿತ. ಕಿಟಕಿ ತೆರೆದಿಟ್ಟು ಕೆಲಸ ಮಾಡುವುದು, ಬ್ಲೇಡನ್ನು ದೊಡ್ಡವರೇ ಹಿಡಿಯುವುದು ಮುಂತಾದ ಎಚ್ಚರಿಕೆಗಳು ಪೆಟ್ಟಿಗೆಯ ಮೇಲೆಯೇ ಮುದ್ರಿತವಾಗಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಮುರಿಯುವ ವಿಚಾರಕ್ಕೆ ಬಂದರೆ, ಮೊದಲು ಒಂದು ವಿರೋಧಾಭಾಸವನ್ನು ಬಿಡಿಸಿಕೊಳ್ಳಬೇಕು. ವಸ್ತುವೊಂದನ್ನು ಎಲ್ಲ ದಿಕ್ಕಿನಲ್ಲೂ ಒಂದೇ ಅನುಪಾತದಲ್ಲಿ ತಗ್ಗಿಸಿದಾಗ ಅದರ ತೂಕ ಘನದ ಲೆಕ್ಕದಲ್ಲಿ ಇಳಿದರೆ, ಅದರ ಕಂಬ ತೊಲೆಗಳ ಅಡ್ಡಕೊಯ್ತ ವರ್ಗದ ಲೆಕ್ಕದಲ್ಲಿ ಮಾತ್ರ ಇಳಿಯುತ್ತದೆ. 72ರ ಘನ 3,73,248. ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನವಾದ ಬಿ-24 ಲಿಬರೇಟರ್, ಬಾಂಬು ಇಂಧನಗಳಿಲ್ಲದೆ ಸುಮಾರು 16,500 ಕಿಲೋ ತೂಗುತ್ತಿತ್ತು; ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಕೇವಲ 44 ಗ್ರಾಂ. ಇಷ್ಟು ಹಗುರವಾದ ವಸ್ತುವಿಗೆ ತನ್ನ ತೂಕದಿಂದಲೇ ಅಪಾಯ ಬರುವುದು ಅಪರೂಪ. ಹಾಗಿದ್ದೂ ಮಾದರಿ ವಿಮಾನ ಮುರಿಯುತ್ತಲೇ ಇರುತ್ತದೆ, ಏಕೆಂದರೆ ಆ ಲೋಕದಲ್ಲಿ ಎಲ್ಲವೂ ಎಪ್ಪತ್ತೆರಡನೇ ಒಂದಕ್ಕೆ ಇಳಿದಿದ್ದರೂ ಅದನ್ನು ಎತ್ತುವ ಕೈ ಮಾತ್ರ ಇಳಿದಿಲ್ಲ. ಒಂದಂಗುಲದ ಪೈಲಟ್ಟಿನ ದೃಷ್ಟಿಯಲ್ಲಿ ಹತ್ತು ವರ್ಷದ ಹುಡುಗಿಯ ಎತ್ತರ ಮುನ್ನೂರು ಅಡಿಯ ಮೇಲಾಯಿತು. ಅಂಥ ದೈತ್ಯಬೆರಳುಗಳು ಗಾಲಿಯ ಕಾಲನ್ನೋ, ಮೂಗಿನ ಬಳಿ ಚಾಚಿಕೊಂಡ ಪಿಟೋ ನಳಿಕೆಯನ್ನೋ, ಅಂದರೆ ಎದುರುಗಾಳಿಯ ಒತ್ತಡದಿಂದ ವೇಗವನ್ನು ಅಳೆಯಲು ನೆರವಾಗುವ ಸಣ್ಣ ಕೊಳವೆಯನ್ನೋ ಮುಟ್ಟಿದರೆ ಆಗುವುದನ್ನು ಊಹಿಸಬಹುದು.

ಹೀಗಾಗಿ ಏನು ಮುರಿಯುತ್ತದೆ ಎಂಬುದು ಬಹುಮಟ್ಟಿಗೆ ಮುಂಚಿತವಾಗಿಯೇ ತಿಳಿದಿರುತ್ತದೆ. ಪ್ರೊಪೆಲರಿನ ಅಲಗು, ಆಂಟೆನಾದ ಕಂಬ, ಗಾಲಿಯ ಕಾಲು, ಬಂದೂಕಿನ ನಳಿಗೆ, ಇವು ಮುರಿಯುತ್ತವೆ. ಪೈಲಟ್ ಕೋಣೆಯ ಪಾರದರ್ಶಕ ಮುಚ್ಚಳ ಮುರಿಯುವುದು ಕಡಿಮೆ, ಕಳೆದುಹೋಗುವುದು ಹೆಚ್ಚು. ಇನ್ನು ಭಾರತದಲ್ಲಿ ಇಂಥ ಕಿಟ್‌ಗಳು ಬಹುತೇಕ ಆಮದಾಗಿಯೇ ಬರುವುದರಿಂದ ಬೆಲೆ ಸಣ್ಣದಲ್ಲ, ಒಂದು ಅಲಗಿಗಾಗಿ ತಯಾರಕರಿಗೆ ಬರೆದು ಕಾಯುವುದು ಮಗುವಿನ ತಾಳ್ಮೆಯ ಅಳತೆಗೆ ಒಗ್ಗುವುದಿಲ್ಲ, ಒಂದು ಅಲಗಿಗಾಗಿ ಇನ್ನೊಂದು ಕಿಟ್ ಕೊಳ್ಳುವುದು ಯಾವ ಮನೆಯ ಲೆಕ್ಕಕ್ಕೂ ಒಗ್ಗುವುದಿಲ್ಲ. ಮುರಿದದ್ದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು. ಈ ಅನಿವಾರ್ಯತೆಯನ್ನು ಹವ್ಯಾಸದ ಕೊರತೆಯೆಂದು ಎಣಿಸುವವರಿದ್ದಾರೆ. ಕಿಟ್‌ನ ಭಾಗಗಳನ್ನು ಕಾಗದದ ಸೂಚನೆಯಂತೆ ಜೋಡಿಸುವಾಗ ಮಗು ಇನ್ನೊಬ್ಬರ ತೀರ್ಮಾನಗಳನ್ನು ಅನುಸರಿಸುತ್ತದೆ, ಭಾಗವೊಂದು ಮುರಿದಾಗಲೇ ಅದು ಏನು, ಏಕೆ ಅಲ್ಲಿದೆ, ಯಾವುದರಿಂದ ಮಾಡಿದರೆ ನಿಲ್ಲುತ್ತದೆ ಎಂದು ಕೇಳಬೇಕಾದ ಸಂದರ್ಭ ಮೊದಲ ಬಾರಿಗೆ ಒದಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಲಿಬರೇಟರ್ ಮಾದರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 110 ಅಡಿ ರೆಕ್ಕೆಯಗಲದ ಆ ವಿಮಾನ 1:72ರಲ್ಲಿ ಸುಮಾರು 46 ಸೆಂಟಿಮೀಟರ್ ಅಗಲವಾಗುತ್ತದೆ; ನಾಲ್ಕು ಎಂಜಿನ್ನುಗಳಿಗೆ ಮೂರು ಮೂರರಂತೆ ಹನ್ನೆರಡು ಅಲಗುಗಳು, ಬಾಲದ ತುದಿಗಳಲ್ಲಿ ಎರಡು ಲಂಬ ಪಟ್ಟಿಗಳು ಇರುತ್ತವೆ. ಹನ್ನೆರಡರಲ್ಲಿ ಒಂದು ಅಲಗು ಕಳೆದುಹೋಯಿತೆಂದು ಭಾವಿಸಿದರೆ, ಉಳಿದ ಹನ್ನೊಂದೂ ಅದಕ್ಕೆ ಮಾದರಿಯಾಗಬಲ್ಲವು, ಏಕೆಂದರೆ ಲಿಬರೇಟರಿನ ನಾಲ್ಕೂ ಪ್ರೊಪೆಲರುಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ನಲ್ಲಿ ಸೋರಿಕೆ ತಡೆಯಲು ಬಳಸುವ ಎಂ-ಸೀಲ್‌ನ ಎರಡು ಕಣಕಗಳನ್ನು ಕಲಸಿ ಉಂಡೆ ಮಾಡಿ, ಇರುವ ಅಲಗಿಗೆ ಒಂದಿಷ್ಟು ವ್ಯಾಸಲೀನ್ ಸವರಿ ಅದರ ಒಂದು ಮಗ್ಗುಲನ್ನು ಒತ್ತಿ ತೆಗೆದರೆ ಆ ಉಂಡೆ ಗಟ್ಟಿಯಾದ ಮೇಲೆ ಅಚ್ಚಾಗುತ್ತದೆ; ಅಚ್ಚಿನ ಒಳಮೈಗೂ ವ್ಯಾಸಲೀನ್ ಸವರಿ ಹೊಸ ಎಂ-ಸೀಲ್ ತುಂಬಿದರೆ ಒಂದು ಮಗ್ಗುಲು ಸರಿಯಾಗಿರುವ ಅಲಗು ದೊರೆಯುತ್ತದೆ, ಇನ್ನೊಂದು ಮಗ್ಗುಲನ್ನು ಉಪ್ಪುಕಾಗದದಿಂದ ತಿದ್ದಿಕೊಳ್ಳಬೇಕು. ಮೊದಲ ಪ್ರಯತ್ನದ ಅಲಗು ಯಾವಾಗಲೂ ದಪ್ಪ, ಎರಡನೆಯದು ವಾಸಿ.

ಆದರೆ ಎಡಗಡೆಯ ಗಾಲಿಯ ಕಾಲು ಮುರಿದಾಗ ಇದೇ ಉಪಾಯವನ್ನು ಬಲಗಡೆಯ ಕಾಲಿನ ಮೇಲೆ ಪ್ರಯೋಗಿಸಿದ ಮಗು ಮೋಸಹೋಗುತ್ತದೆ. ಅಚ್ಚಿನಿಂದ ಬಂದದ್ದು ಇನ್ನೊಂದು ಬಲಗಾಲು. ಒಂದರ ಕನ್ನಡಿ ಪ್ರತಿಬಿಂಬವಾದ ಇನ್ನೊಂದು ವಸ್ತುವನ್ನು ಎಷ್ಟು ತಿರುಗಿಸಿದರೂ ಮೊದಲನೆಯದರ ಜಾಗದಲ್ಲಿ ಕೂರಿಸಲಾಗದು ಎಂಬ ಜ್ಯಾಮಿತಿಯ ಸತ್ಯ ಇಲ್ಲಿ ಕೈಗೆ ತಗಲುತ್ತದೆ. ಬಾಲದ ಲಂಬಪಟ್ಟಿಯಂಥ ಚಪ್ಪಟೆ ಭಾಗವಾದರೆ ತೊಂದರೆಯಿಲ್ಲ: ಇರುವುದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಕಾಗದವನ್ನು ಮಗುಚಿ, ಆ ಆಕಾರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಇಳಿಸಿಕೊಂಡರಾಯಿತು. ಚಪ್ಪಟೆಯಲ್ಲದ ಗಾಲಿಯ ಕಾಲನ್ನು ಅಚ್ಚಿನ ಆಸೆ ಬಿಟ್ಟು ತಂತಿಯಿಂದ ಕಟ್ಟಬೇಕಾಗುತ್ತದೆ.

ಹಾಗೆ ಕಟ್ಟುವುದರಿಂದ ಲಾಭವೂ ಇದೆ. ಮುರಿದ ಸಣ್ಣ ಕಾಲಿನ ಎರಡು ತುಂಡುಗಳನ್ನು ತುದಿಗೆ ತುದಿ ಸೇರಿಸಿ ಬೆಸೆದರೆ, ಬೆಸುಗೆಗೆ ಸಿಗುವ ಮೇಲ್ಮೈ ಒಂದೆರಡು ಚದರ ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲವಾದ್ದರಿಂದ ಅದು ಅದೇ ಜಾಗದಲ್ಲಿ ಮತ್ತೆ ಮುರಿಯುವುದು ನಿಶ್ಚಿತ. ಎರಡೂ ತುಂಡುಗಳಲ್ಲಿ ಸೂಜಿಮೊನೆಯಷ್ಟು ರಂಧ್ರ ಕೊರೆದು, ಒಳಗೆ ಗುಂಡುಪಿನ್ನಿನ ಒಂದು ತುಣುಕನ್ನು ಇಳಿಸಿ ಫೆವಿಕ್ವಿಕ್ ಹಾಕಿದಾಗ ಬಾಗುವ ಒತ್ತಡವನ್ನು ಉಕ್ಕು ಹೊತ್ತುಕೊಳ್ಳುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಮಾಡುವ ಕೆಲಸವೂ ಇದೇ. ಮನೆ ಕಟ್ಟುವ ಜಾಗವನ್ನು ಎಂದಾದರೂ ನಿಂತು ನೋಡಿದ ಮಗುವಿಗೆ ಇದನ್ನು ಎರಡನೇ ಬಾರಿ ವಿವರಿಸಬೇಕಾಗಿಲ್ಲ. ಅದೇ ಫೆವಿಕ್ವಿಕ್ಕನ್ನು ಪಾರದರ್ಶಕ ಮುಚ್ಚಳದ ಬಳಿ ತರಬಾರದು, ಅದರ ಆವಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ; ಅಲ್ಲಿಗೆ ಶಾಲೆಯ ಚೀಲದಲ್ಲಿರುವ ಬಿಳಿ ಫೆವಿಕಾಲೇ ಸರಿ, ಅದು ಒಣಗಿದಾಗ ಪಾರದರ್ಶಕವಾಗುತ್ತದೆ.

ಸಾಮಗ್ರಿಯನ್ನು ಹುಡುಕುವ ವಿಷಯದಲ್ಲಿ ಮಕ್ಕಳು ದೊಡ್ಡವರಿಗಿಂತ ಚುರುಕು. ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ ಅಚ್ಚಾಗಿರುವ ಅಂಕಿ ಅದು ಯಾವ ಬಗೆಯ ಪ್ಲಾಸ್ಟಿಕ್ಕೆಂಬುದನ್ನು ಹೇಳುತ್ತದೆ, ಅಲ್ಲಿ 6 ಇದ್ದರೆ ಅದು ಪಾಲಿಸ್ಟೈರೀನ್, ಅಂದರೆ ಕಿಟ್‌ನ ಅಂಟು ಅದನ್ನೂ ಬೆಸೆಯುತ್ತದೆ ಎಂದು ಒಮ್ಮೆ ಹೇಳಿಕೊಟ್ಟರೆ, ಮನೆಯ ಡಬ್ಬಿ ಬಟ್ಟಲುಗಳೆಲ್ಲ ತಲೆಕೆಳಗಾಗುತ್ತವೆ. ಹಳೆಯ ಸಿಡಿಗಳ ಗಟ್ಟಿ ಪಾರದರ್ಶಕ ಡಬ್ಬಿಯೂ ಪಾಲಿಸ್ಟೈರೀನೇ ಆದ್ದರಿಂದ ಚಪ್ಪಟೆ ಕಿಟಕಿಗಳಿಗೆ ಅದು ಒದಗುತ್ತದೆ. ಉಬ್ಬಿದ ಮುಚ್ಚಳ ಬೇಕಾದಾಗ ನೀರಿನ ಬಾಟಲಿ ಕೆಲಸಕ್ಕೆ ಬರುತ್ತದೆ: ಬೇಕಾದ ಆಕಾರವನ್ನು ಮರದಲ್ಲಿ ಕೆತ್ತಿ, ಬಾಟಲಿಯ ತುಂಡಿನೊಳಗೆ ಅದನ್ನು ಬಿಗಿಯಾಗಿ ಸಿಕ್ಕಿಸಿ, ಬಿಸಿಗಾಳಿ ಹಾಯಿಸಿದರೆ ಬಾಟಲಿಯ ಪ್ಲಾಸ್ಟಿಕ್ ಕುಗ್ಗಿ ಮರದ ಮೈಗೆ ಅಂಟಿಕೊಂಡಂತೆ ಕೂರುತ್ತದೆ, ಆಮೇಲೆ ಕತ್ತರಿಸಿ ತೆಗೆಯಬಹುದು. ಬಿಸಾಡಬೇಕಾದ ಚೌಕಟ್ಟಿನ ಕಡ್ಡಿಗೂ ಉಪಯೋಗವಿದೆ. ಮೇಣದಬತ್ತಿಯ ಜ್ವಾಲೆಯ ಮೇಲ್ಗಡೆ ಹಿಡಿದು ಮೆದುವಾದ ಕ್ಷಣದಲ್ಲಿ ಎರಡೂ ಕಡೆಗೆ ಎಳೆದರೆ ಅದು ಕೂದಲೆಳೆಯಷ್ಟು ಸಪೂರವಾದ ದಾರವಾಗುತ್ತದೆ. ಜ್ವಾಲೆಯ ಕೆಲಸ ದೊಡ್ಡವರದು, ಎಳೆಯುವ ಕೆಲಸ ಮಗುವಿನದು. ಎಷ್ಟು ವೇಗವಾಗಿ ಎಳೆದರೆ ಎಷ್ಟು ಸಪೂರ ಎಂಬ ಅಂದಾಜು ಕೈಗೇ ಬರಬೇಕು, ಬಾಯಲ್ಲಿ ಹೇಳಿ ಕಲಿಸಲಾಗದು.

ಈ ದಾರವೇ ಮುರಿದ ಆಂಟೆನಾದ ಜಾಗಕ್ಕೆ ಬರುತ್ತದೆ, ಮತ್ತು ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಅಚ್ಚಿನಲ್ಲಿ ಪ್ಲಾಸ್ಟಿಕ್ ಹರಿಯಬೇಕಾದರೆ ಭಾಗಕ್ಕೆ ಕನಿಷ್ಠ ದಪ್ಪವೊಂದು ಇರಲೇಬೇಕು. ಅರ್ಧ ಮಿಲಿಮೀಟರ್ ದಪ್ಪದ ಕಡ್ಡಿಯನ್ನು 72ರಿಂದ ಗುಣಿಸಿದರೆ 36 ಮಿಲಿಮೀಟರ್, ಅಂದರೆ ನಿಜ ವಿಮಾನದಲ್ಲಿ ಕೆಲವೇ ಮಿಲಿಮೀಟರ್ ಇದ್ದ ತಂತಿ ಮಾದರಿಯಲ್ಲಿ ನೀರಿನ ಪೈಪಿನಷ್ಟು ದಪ್ಪವಾಗಿ ಕೂತಿರುತ್ತದೆ. ರೆಕ್ಕೆಯ ಹೊರಮೈಯ ಕಥೆಯೂ ಅದೇ: ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಎಂದರೆ ನಿಜ ಪ್ರಮಾಣದಲ್ಲಿ ಏಳು ಸೆಂಟಿಮೀಟರಿಗೂ ದಪ್ಪದ ತಗಡು. ಪೆಟ್ಟಿಗೆಯಲ್ಲಿ ಬಂದ ಭಾಗ ನಿಜವಾದ ಪ್ರಮಾಣವೆಂದೂ ಮನೆಯಲ್ಲಿ ಮಾಡಿದ್ದು ಅದರ ಬಡ ನಕಲೆಂದೂ ತಿಳಿಯುವುದು ಹೀಗೆ ತಲೆಕೆಳಗಾಗುತ್ತದೆ. ತಂತಿ, ನಳಿಗೆ, ಕಂಬಗಳ ವಿಷಯದಲ್ಲಂತೂ ಬದಲಿ ಭಾಗವೇ ವಿಮಾನಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ. ಅನುಭವಿ ಹವ್ಯಾಸಿಗಳಲ್ಲಿ ಅನೇಕರು ಈ ಭಾಗಗಳನ್ನು ಮುರಿಯುವ ಮೊದಲೇ ಕತ್ತರಿಸಿ ತೆಗೆದು ಲೋಹದ ತಂತಿ ಕೂರಿಸುವುದು ಇದೇ ಕಾರಣಕ್ಕೆ.

ಲಿಬರೇಟರಿನಂಥ ಮಾದರಿಯಲ್ಲಿ ಮುರಿಯದೆಯೂ ಎದುರಾಗುವ ತೊಂದರೆಯೊಂದನ್ನು ಬಿಡುವಂತಿಲ್ಲ. ಮೂಗಿನಡಿ ಒಂದು, ರೆಕ್ಕೆಯಡಿ ಎರಡು ಕಾಲುಗಳಿರುವ ವಿಮಾನಗಳ ಮಾದರಿ, ಭಾರವೆಲ್ಲ ಹಿಂದಕ್ಕೆ ಜರುಗಿ, ಮೂಗನ್ನು ಆಕಾಶಕ್ಕೆತ್ತಿ ಬಾಲದ ಮೇಲೆ ಕೂತುಬಿಡುತ್ತದೆ, ಏಕೆಂದರೆ ನಿಜ ವಿಮಾನದ ಮುಂಭಾಗದಲ್ಲಿದ್ದ ಎಂಜಿನ್ನು, ಉಪಕರಣ, ಮನುಷ್ಯರ ತೂಕ ಟೊಳ್ಳು ಪ್ಲಾಸ್ಟಿಕ್ಕಿನಲ್ಲಿ ಇರುವುದಿಲ್ಲ. ಆದ್ದರಿಂದ ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮೊದಲೇ, ಮುಖ್ಯ ಗಾಲಿಗಳು ಬರುವ ಜಾಗವನ್ನು ಬೆರಳಿನ ಮೇಲಿಟ್ಟು ತೂಗಿ ನೋಡಿ, ಮೂಗು ಕೆಳಗಿಳಿಯುವಷ್ಟು ಮೀನಿನ ಗಾಳದ ಸೀಸದ ಗುಂಡನ್ನೋ ನಟ್ಟನ್ನೋ ಒಳಗೆ ಅಂಟಿಸಬೇಕು. ಸೀಸವಾದರೆ ಅದನ್ನು ಮುಟ್ಟುವುದು ದೊಡ್ಡವರು ಮಾತ್ರ. ಲಿಬರೇಟರಿನ ಮೂಗು ಬಹುಪಾಲು ಗಾಜಾಗಿರುವುದರಿಂದ ಅಲ್ಲಿ ಬಚ್ಚಿಡುವಂತಿಲ್ಲ; ರೆಕ್ಕೆಯ ಮುಂದೆ ಚಾಚಿಕೊಂಡ ಎಂಜಿನ್ನಿನ ಗೂಡುಗಳು ಮುಖ್ಯ ಗಾಲಿಗಳಿಗಿಂತ ಮುಂದಿರುವುದನ್ನು ಮಗುವೇ ಕಂಡುಹಿಡಿಯುವವರೆಗೆ ದೊಡ್ಡವರು ಸುಮ್ಮನಿರುವುದು ಒಳ್ಳೆಯದು.

ಈ ವಿಮಾನವನ್ನೇ ಉದಾಹರಣೆಯಾಗಿ ಆರಿಸಿದ್ದಕ್ಕೆ ಬೆಂಗಳೂರಿನ ಇತಿಹಾಸವೂ ಕಾರಣ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನಗಳನ್ನು ತಯಾರಿಸುವ ಗುರಿಯೊಂದಿಗೆ ಹುಟ್ಟಿದರೂ, ಯುದ್ಧ ಹತ್ತಿರ ಬರುತ್ತಿದ್ದಂತೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, ಜರ್ಝರಿತವಾಗಿ ಬಂದ ವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಬಳಸಿ ಬಿಟ್ಟ ಲಿಬರೇಟರುಗಳು ಕಾನ್ಪುರದಲ್ಲಿ ಸಾಲಾಗಿ ನಿಂತಿದ್ದವು. ಅವು ಮತ್ತೆ ಹಾರದಂತೆ ಬೇಕೆಂದೇ ಹಾಳುಗೆಡವಲಾಗಿತ್ತು. ಭಾರೀ ಬಾಂಬರುಗಳಿಲ್ಲದ ಸ್ವತಂತ್ರ ಭಾರತದ ವಾಯುಪಡೆಗಾಗಿ ಬೆಂಗಳೂರಿನ ಕಾರ್ಖಾನೆ ಆ ರಾಶಿಯನ್ನು ಕೈಗೆತ್ತಿಕೊಂಡು, ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ಮಾತ್ರ ಅಲ್ಲಿಯೇ ತೇಪೆ ಹಾಕಿ, ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದು ಪೂರ್ಣ ದುರಸ್ತಿ ಮಾಡಿತು. ಅವುಗಳನ್ನು ಹಾರಿಸಿ ತಂದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಇಂಥ ವಿಮಾನಗಳಿಂದಲೇ ರೂಪುಗೊಂಡಿತು; ಗುಜರಿಯೆಂದು ಬಿಟ್ಟುಹೋದ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು.

ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರುಗಳು ತಯಾರಾಗಿದ್ದವು. ಫೋರ್ಡ್ ಸಂಸ್ಥೆಯ ವಿಲೋ ರನ್ ಕಾರ್ಖಾನೆ ತನ್ನ ಉತ್ತುಂಗದಲ್ಲಿ ಸರಿಸುಮಾರು ಗಂಟೆಗೊಂದರಂತೆ ಅವನ್ನು ಹೊರತಂದದ್ದು, ಯಾವ ವಿಮಾನದ ಭಾಗವನ್ನು ಯಾವುದಕ್ಕೆ ಕೂರಿಸಿದರೂ ಹೊಂದಿಕೊಳ್ಳಬೇಕೆಂಬ ತತ್ತ್ವದ ಮೇಲೆ. ಹೊಂದುವ ಭಾಗಗಳು ಗೋದಾಮಿನಲ್ಲಿರುವಾಗ ಅವನ್ನು ಬದಲಿಸುವುದು ಒಂದು ಬಗೆಯ ಕೌಶಲ. ಗೋದಾಮೇ ಇಲ್ಲದಲ್ಲಿ, ತಯಾರಕರ ನೆರವೂ ಇಲ್ಲದಲ್ಲಿ ಬದಲಿಸುವುದು ಇನ್ನೊಂದು. ಈ ಎರಡನೆಯದರ ಹಿರಿಮೆಯನ್ನು ವಿಮಾನಯಾನದ ಇತಿಹಾಸಗಳು ಹೊಸ ವಿನ್ಯಾಸಗಳ ಕಥೆಗೆ ಕೊಟ್ಟಷ್ಟು ಪುಟಗಳಲ್ಲಿ ಬರೆದಿಲ್ಲ ಎಂಬುದು ನ್ಯಾಯವಾದ ದೂರು. 1961ರಲ್ಲಿ ಮೊದಲು ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಹಿಂದೆಯೂ ಇಂಥದೇ ಕೈಕೆಲಸವಿತ್ತು; ಲೋಹದ ವಿಮಾನಕ್ಕೆ ಮುನ್ನ ಬೆಂಗಳೂರಿನಲ್ಲಿ ಅದೇ ಆಕಾರದ, ಪೂರ್ಣ ಗಾತ್ರದ ಮರದ ಗ್ಲೈಡರನ್ನು ಮಾಡಿ, ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಿ ನೋಡಲಾಗಿತ್ತು. ಅದನ್ನು 1:1 ಪ್ರಮಾಣದ ಮಾದರಿ ಎನ್ನಲು ಅಡ್ಡಿಯಿಲ್ಲ. ಮಾರುತ್ ವಿಮಾನವನ್ನು ಇಂದು ಬೆಂಗಳೂರಿನ ಅದೇ ಕಾರ್ಖಾನೆಯ, ಅಂದರೆ ಈಗಿನ ಎಚ್‌ಎಎಲ್‌ನ, ವಸ್ತುಸಂಗ್ರಹಾಲಯದಲ್ಲಿ ಹತ್ತಿರದಿಂದ ನೋಡಬಹುದು. ಮಗುವನ್ನು ಅಲ್ಲಿಗೆ ಕರೆದೊಯ್ಯುವವರು ಗಾಲಿಯ ಕಾಲಿನ ಬಳಿ ಕೊಂಚ ಹೊತ್ತು ನಿಲ್ಲಬೇಕು, ಏಕೆಂದರೆ ಆ ಭಾಗದ ನಿಜವಾದ ದಪ್ಪವನ್ನೂ ಅದಕ್ಕೆ ಅಡ್ಡವಾಗಿ ಕೊಟ್ಟ ಆಧಾರವನ್ನೂ ಚಿತ್ರದಲ್ಲಿ ನೋಡಿ ತಿಳಿಯಲಾಗದು. ಭಾರತ ಬಳಸಿದ ಲಿಬರೇಟರುಗಳಲ್ಲೊಂದು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ, ಇನ್ನು ಕೆಲವು ಬ್ರಿಟನ್ ಮತ್ತು ಅಮೆರಿಕದ ಸಂಗ್ರಹಾಲಯಗಳಿಗೆ ಸೇರಿವೆ.

ಮಾರುಕಟ್ಟೆಯಲ್ಲಿ ಸಿಗುವ ಲಿಬರೇಟರ್ ಕಿಟ್‌ಗಳು ಬಹುತೇಕ ಅಮೆರಿಕದ ಗುರುತುಗಳೊಂದಿಗೆ ಬರುವುದರಿಂದ, ಬೆಂಗಳೂರಿನಲ್ಲಿ ಮತ್ತೆ ಜೀವ ಪಡೆದ ವಿಮಾನವನ್ನು ಮಾಡಬಯಸುವವರು ಗುರುತುಗಳನ್ನೂ ತಾವೇ ಮಾಡಿಕೊಳ್ಳಬೇಕು. ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿಬಂದು ಮಾದರಿಯ ಮೈಗೆ ಕೂರುವ ತೆಳುಚಿತ್ರಕ್ಕೆ ಡೆಕಾಲ್ ಎಂದು ಹೆಸರು. ಖಾಲಿ ಡೆಕಾಲ್ ಹಾಳೆಯ ಮೇಲೆ ಬೇಕಾದ್ದನ್ನು ಬಿಡಿಸಿಕೊಳ್ಳಲೂಬಹುದು. ಇಲ್ಲಿ ಯಾವ ವರ್ಷದ ವಿಮಾನ ಎಂಬ ಪ್ರಶ್ನೆ ಏಳುತ್ತದೆ. 1948ರಿಂದ 1950ರವರೆಗೆ ವಾಯುಪಡೆಯ ವಿಮಾನಗಳ ಮೇಲಿದ್ದದ್ದು ಬಿಳಿಯ ವೃತ್ತದಲ್ಲಿ ನೀಲಿ ಅಶೋಕ ಚಕ್ರ, ಆ ಬಳಿಕ ಬಂದದ್ದು ಈಗಲೂ ಉಳಿದಿರುವ ಕೇಸರಿ, ಬಿಳಿ, ಹಸಿರಿನ ವೃತ್ತಗಳು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ 24 ಅರಗಳ ಚಕ್ರವನ್ನು ಕೈಯಿಂದ ಬಿಡಿಸುವುದು ನುರಿತವರಿಗೂ ಆಗದ ಮಾತು, ಅದಕ್ಕೆ ಒಳ್ಳೆಯ ಮುದ್ರಣಯಂತ್ರವೇ ಬೇಕು. ಒಂದರೊಳಗೊಂದು ಮೂರು ವೃತ್ತಗಳನ್ನು ಎಳೆಯಲು ಶಾಲೆಯ ಕೈವಾರ ಸಾಕಾಗುವುದರಿಂದ, ಮೊದಲ ಲಿಬರೇಟರಿಗೆ 1950ರ ನಂತರದ ವರ್ಷವೊಂದನ್ನು ಆರಿಸಿಕೊಳ್ಳುವುದೇ ವಿವೇಕ.